ಕಪ್ಪ ಎತ್ತಿದವನೇ ದೊರೆ: ರಷ್ಯಾದ ಎಂಟುನೂರು ವರ್ಷ

(ಮೊನ್ನೆ ಭಾನುವಾರ ಮಾತಾಡಿದ್ದನ್ನು ಬರೆದು ಕೊಡಿ ಎಂದು ಕೆಲವರು ಕೇಳಿದ್ದರು. ಮಾತಿನ ಧಾಟಿಯನ್ನು ಹಾಗೇ ಬಿಟ್ಟಿದ್ದೇನೆ. ನಡುವೆ ಬಂದ ಪ್ರಶ್ನೆಗಳೂ ಇವೆ.)

ರಷ್ಯಾ ಅಂದ ತಕ್ಷಣ ನಮಗೆ ನೆನಪಾಗುವುದು ಲೆನಿನ್, ಸ್ಟಾಲಿನ್, ಈಗ ಪುಟಿನ್. ಅದಕ್ಕಿಂತ ಹಿಂದೆ ಏನಿತ್ತು ಅಂದರೆ ಹಿಮ, ಕುದುರೆ, ಉದ್ದ ಗಡ್ಡ. ಅಷ್ಟೇ. ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದು ಆ ಹಿಂದಿನ ಕತೆಯನ್ನೇ. ಆದರೆ ರಾಜರ ಪಟ್ಟಿ ಓದುವುದಿಲ್ಲ. ಆ ಪಟ್ಟಿಯಲ್ಲಿ ಇವಾನ್‌ಗಳು ಮತ್ತು ವಾಸಿಲಿಗಳು ಎಷ್ಟು ಜನ ಬರುತ್ತಾರೆ ಅಂದರೆ ಕೇಳಿದವರಿಗೆ ತಲೆನೋವೇ ಗತಿ. ಅದರ ಬದಲು ಒಂದೇ ಪ್ರಶ್ನೆ ಹಿಡಿದುಕೊಂಡು ಹೊರಡೋಣ: ಕಪ್ಪ ಯಾರು ಎತ್ತಿದರು, ಯಾರಿಂದ ಎತ್ತಿದರು? ನನಗೆ ಕಂಡ ಹಾಗೆ ರಷ್ಯಾದ ಕತೆಯಲ್ಲಿ ಯುದ್ಧಕ್ಕಿಂತ, ಧರ್ಮಕ್ಕಿಂತ ಜಾಸ್ತಿ ಕೆಲಸ ಮಾಡಿರುವುದು ಈ ಪ್ರಶ್ನೆ.

ಶುರು ಕೀವ್‌ನಿಂದ. ಅದು ಈಗ ಉಕ್ರೇನಿನ ರಾಜಧಾನಿ. ಹಾಗಾಗಿ ಆ ಹಳೆಯ ರಾಜ್ಯ ಯಾರಿಗೆ ಸೇರಿದ್ದು ಎನ್ನುವ ಜಗಳ ಇನ್ನೂ ಮುಗಿದಿಲ್ಲ. ಆಗ ಅಲ್ಲಿದ್ದವರು ತಮ್ಮನ್ನು 'ರುಸ್' ಅನ್ನುತ್ತಿದ್ದರು. ರಷ್ಯಾ, ಉಕ್ರೇನ್, ಬೆಲಾರುಸ್ ಮೂರಕ್ಕೂ ಅದು ಅಜ್ಜನ ಮನೆ. ಅಜ್ಜನ ಆಸ್ತಿಗೆ ಮೊಮ್ಮಕ್ಕಳು ಹೊಡೆದಾಡುವುದು ಎಲ್ಲ ಕಡೆಯೂ ಇದ್ದದ್ದೇ, ಇಲ್ಲಿಗೆ ಬಿಡೋಣ.

12ನೇ ಶತಮಾನದ ಆರಂಭದಲ್ಲಿ ಕೀವ್‌ನ ಸನ್ಯಾಸಿಗಳು ಬರೆದಿಟ್ಟ ವೃತ್ತಾಂತದ ಪ್ರಕಾರ, ಉತ್ತರದ ಬುಡಕಟ್ಟುಗಳು ತಮ್ಮೊಳಗೇ ಕಚ್ಚಾಡಿ ಸೋತು, ಸಮುದ್ರದಾಚೆಯ ಜನರ ಹತ್ತಿರ ಹೋಗಿ 'ನಮ್ಮ ನಾಡು ದೊಡ್ಡದು, ಸಮೃದ್ಧವಾಗಿದೆ, ಆದರೆ ವ್ಯವಸ್ಥೆ ಇಲ್ಲ, ಬಂದು ಆಳಿ' ಎಂದು ಕೇಳಿದರಂತೆ. 862ರಲ್ಲಿ ರೂರಿಕ್ ಬಂದ. 882ರಲ್ಲಿ ಒಲೆಗ್ ಎಂಬವನು ಕೀವ್ ಹಿಡಿದ. ಇವರೆಲ್ಲ ಸ್ಕ್ಯಾಂಡಿನೇವಿಯಾ ಕಡೆಯ ವೈಕಿಂಗರು. ಯಾರಾದರೂ 'ಬನ್ನಿ, ನಮ್ಮನ್ನು ಆಳಿ' ಎಂದು ಹೋಗಿ ಕರೆಯುತ್ತಾರಾ? ಗೆದ್ದವರ ಮನೆಯಲ್ಲಿ ಹುಟ್ಟಿದ ಕತೆ ಇದು ಅಂತ ನನ್ನ ಅನುಮಾನ. ಆದರೆ ಅವರು ಬಂದದ್ದು ಯಾಕೆ ಎನ್ನುವುದರಲ್ಲಿ ಅನುಮಾನವಿಲ್ಲ. ನದಿಗಳು. ಬಾಲ್ಟಿಕ್ ಸಮುದ್ರದಿಂದ ನದಿ ಹಿಡಿದು, ನಡುವೆ ದೋಣಿಯನ್ನು ನೆಲದ ಮೇಲೆ ಎಳೆದುಕೊಂಡು, ಮತ್ತೆ ಡ್ನೀಪರ್ ನದಿಗಿಳಿದು ಕಪ್ಪು ಸಮುದ್ರ ದಾಟಿದರೆ ಕಾನ್‌ಸ್ಟಾಂಟಿನೋಪಲ್, ಬೈಜಾಂಟಿಯಂ ಸಾಮ್ರಾಜ್ಯದ ರಾಜಧಾನಿ. ಅಲ್ಲಿ ತುಪ್ಪಳ, ಜೇನು, ಮೇಣ, ಗುಲಾಮರು, ಎಲ್ಲಕ್ಕೂ ಗಿರಾಕಿ.

ಸರಿ, ಆ ತುಪ್ಪಳ, ಜೇನು ಎಲ್ಲಿಂದ ಬರಬೇಕು? ಬೈಜಾಂಟಿಯಂನ ಚಕ್ರವರ್ತಿ 7ನೇ ಕಾನ್‌ಸ್ಟಂಟೈನ್ ಇದನ್ನು ಬರೆದಿಟ್ಟಿದ್ದಾನೆ. ನವೆಂಬರ್ ಬಂತು ಅಂದರೆ ದೊರೆ ತನ್ನ ಪಡೆ ಕಟ್ಟಿಕೊಂಡು ಕೀವ್ ಬಿಟ್ಟು ಹೊರಡುತ್ತಿದ್ದ. ಚಳಿಗಾಲವೆಲ್ಲ ಬುಡಕಟ್ಟುಗಳ ನಡುವೆ ಸುತ್ತಾಟ. ಅವರ ಮನೆಯಲ್ಲೇ ಊಟ, ಅವರಿಂದಲೇ ಕಪ್ಪ. ಏಪ್ರಿಲ್‌ನಲ್ಲಿ ಡ್ನೀಪರ್ ನದಿಯ ಮಂಜು ಕರಗಿದ ಮೇಲೆ ವಾಪಸ್. ಜೂನ್‌ನಲ್ಲಿ ದೋಣಿಗಳು ದಕ್ಷಿಣಕ್ಕೆ. ಅಂದರೆ ದೊರೆತನ ಅಂದರೆ ಏನು? ವರ್ಷಕ್ಕೊಂದು ಸಲ ವಸೂಲಿ ಪ್ರವಾಸ.

ಈ ಪ್ರವಾಸ ಒಮ್ಮೆ ಕೆಟ್ಟಿತು. 945ರಲ್ಲಿ ಇಗೊರ್ ಎಂಬ ದೊರೆ. ಅವನ ಸೈನಿಕರು ಗೊಣಗಿದರು: ನಿಮ್ಮ ಇನ್ನೊಬ್ಬ ಸರದಾರನ ಆಳುಗಳಿಗೆ ಒಳ್ಳೆ ಬಟ್ಟೆ, ಆಯುಧ ಇದೆ, ನಮಗೆ ಮೈ ಮುಚ್ಚೋಕೂ ಇಲ್ಲ, ನಡೀರಿ ಕಪ್ಪಕ್ಕೆ ಹೋಗೋಣ. ಡ್ರೆವ್ಲಿಯನ್ನರು ಎಂಬ ಕಾಡಿನ ಜನರ ಹತ್ತಿರ ಹೋದರು, ಎತ್ತಿಕೊಂಡು ಬಂದರು. ವಾಪಸ್ ಬರುವ ದಾರಿಯಲ್ಲಿ ಇಗೊರ್‌ಗೆ ಇನ್ನೂ ಸ್ವಲ್ಪ ಬೇಕು ಅನ್ನಿಸಿತು. ದೊಡ್ಡ ಪಡೆಯನ್ನು ಮನೆಗೆ ಕಳಿಸಿ, ಕೆಲವೇ ಜನರ ಜೊತೆ ತಿರುಗಿ ಹೋದ. ಹಂಚಿಕೊಳ್ಳೋಕೆ ಜನ ಕಡಿಮೆ ಇದ್ದರೆ ತನ್ನ ಪಾಲು ಜಾಸ್ತಿ ಅಲ್ವಾ! ಡ್ರೆವ್ಲಿಯನ್ನರು ಕೂತು ಮಾತಾಡಿಕೊಂಡರು. ತೋಳಕ್ಕೆ ಕುರಿಯ ರುಚಿ ಹತ್ತಿದರೆ, ಕೊಲ್ಲದೆ ಬಿಟ್ಟರೆ ಒಂದೊಂದಾಗಿ ಇಡೀ ಹಿಂಡು ಹೋಗುತ್ತದೆ ಎಂದರು. ಇಗೊರ್‌ನನ್ನು ಕೊಂದರು.

ಅವನ ಹೆಂಡತಿ ಓಲ್ಗಾ ಸೇಡು ತೀರಿಸಿಕೊಂಡ ಬಗೆ ಕೇಳಿದರೆ ಮೈ ನಡುಗುತ್ತದೆ. ಬಂದ ರಾಯಭಾರಿಗಳನ್ನು ದೋಣಿ ಸಮೇತ ಜೀವಂತ ಹೂತಳು. ಇನ್ನೊಂದು ತಂಡವನ್ನು ಬಚ್ಚಲುಮನೆಯಲ್ಲಿ ಕೂಡಿ ಸುಟ್ಟಳು. ವೃತ್ತಾಂತದಲ್ಲಿ ಇದನ್ನೆಲ್ಲ ಚಪ್ಪರಿಸಿಕೊಂಡು ಬರೆದಿದ್ದಾರೆ. ಆದರೆ ಅದರ ಹಿಂದೆಯೇ ಒಂದು ಒಣ ಸಾಲಿದೆ, ಅದನ್ನು ಯಾರೂ ಗಮನಿಸುವುದಿಲ್ಲ. ಓಲ್ಗಾ ನಾಡೆಲ್ಲ ಸುತ್ತಿ ಕಪ್ಪ ಎಷ್ಟು, ಎಲ್ಲಿ ಕೊಡಬೇಕು ಎಂದು ಗೊತ್ತು ಮಾಡಿದಳು. ಗಂಡನನ್ನು ಕೊಂದದ್ದು ಲೆಕ್ಕವಿಲ್ಲದ ವಸೂಲಿ. ಅದು ಅವಳಿಗೆ ಅರ್ಥವಾಗಿತ್ತು. ಮುಂದೆ ಕ್ರೈಸ್ತಳಾದಳು, ಸಂತಳೂ ಆದಳು.

ಅವಳ ಮೊಮ್ಮಗ ವ್ಲಾದಿಮಿರ್ 988ರಲ್ಲಿ ಇಡೀ ರಾಜ್ಯಕ್ಕೆ ಗ್ರೀಕರ, ಅಂದರೆ ಬೈಜಾಂಟಿಯಂನ, ಕ್ರೈಸ್ತಧರ್ಮ ತಂದ. ಇಸ್ಲಾಂ ಬೇಡ ಎಂದದ್ದು ಕುಡಿತ ಬಿಡಬೇಕಲ್ಲ ಎನ್ನುವ ಕಾರಣಕ್ಕೆ ಎಂದು ವೃತ್ತಾಂತ ಹೇಳುತ್ತದೆ. ಚಕ್ರವರ್ತಿಯ ತಂಗಿಯನ್ನು ಮದುವೆಯಾಗುವ ಆಸೆಯೂ ಇತ್ತು, ಮದುವೆಯೂ ಆಯಿತು. ಕಾರಣ ಏನೇ ಇರಲಿ, ಲಿಪಿ ಬಂತು, ಕಾನೂನು ಬಂತು, ಚರ್ಚುಗಳು ಬಂದವು. 1054ರಲ್ಲಿ ವ್ಲಾದಿಮಿರನ ಮಗ ಯಾರೊಸ್ಲಾವ್ ಸತ್ತ ಮೇಲೆ ಮಕ್ಕಳು ಮೊಮ್ಮಕ್ಕಳು ಹಂಚಿಕೊಂಡು, ಒಂದು ರಾಜ್ಯ ಹೋಗಿ ಹತ್ತಾರು ಸಂಸ್ಥಾನಗಳಾದವು. ಮಾಸ್ಕೋ ಎಂಬ ಹೆಸರು ಮೊದಲು ಕಾಣುವುದು 1147ರಲ್ಲಿ. ಆಗ ಅದಕ್ಕೆ ಯಾರೂ ಬೆಲೆ ಕೊಡುತ್ತಿರಲಿಲ್ಲ.

ಆಗಿನ ಜನಸಾಮಾನ್ಯರ ದನಿ ಕೇಳಬೇಕು ಅಂದರೆ ಉತ್ತರದ ನೊವ್ಗೊರೊಡ್‌ಗೆ ಹೋಗಬೇಕು. ವ್ಯಾಪಾರದ ಊರು. 1136ರಲ್ಲಿ ದೊರೆಯನ್ನೇ ಓಡಿಸಿದರು, ಅಲ್ಲಿಂದ ಮುಂದೆ ತಮಗೆ ಬೇಕಾದವನನ್ನು ಕರೆಸಿಕೊಳ್ಳುತ್ತಿದ್ದರು. ದೊಡ್ಡ ಗಂಟೆ ಬಾರಿಸಿ ಸಭೆ ಸೇರುತ್ತಿದ್ದರು. 1951ರಲ್ಲಿ ಅಲ್ಲಿನ ಕೆಸರಿನಲ್ಲಿ ಮೊದಲ ಬರ್ಚ್ ತೊಗಟೆಯ ಓಲೆ ಸಿಕ್ಕಿತು. ಈಗ ಅವು 1,100ಕ್ಕೂ ಹೆಚ್ಚು. ಏನಿದೆ ಅವುಗಳಲ್ಲಿ? ಸಾಲ, ಬಡ್ಡಿ, ಮೀನು, ಬಟ್ಟೆ, 'ನನ್ನ ಬಾಕಿ ಕಳಿಸು' ಎಂಬ ಗೋಳು. ಒನ್‌ಫಿಮ್ ಎಂಬ ಹುಡುಗನ ಅಕ್ಷರಾಭ್ಯಾಸದ ತೊಗಟೆಗಳೂ ಇವೆ. ಅಆಇಈ ತಿದ್ದೋದು ಬೇಜಾರಾಗಿ, ತಾನೇ ಕುದುರೆ ಏರಿ ಶತ್ರುವನ್ನು ಈಟಿಯಲ್ಲಿ ತಿವಿಯುವ ಚಿತ್ರ ಬರೆದು ಪಕ್ಕದಲ್ಲಿ ಹೆಸರು ಹಾಕಿಕೊಂಡಿದ್ದಾನೆ. ಕೈಗೆ ಎಷ್ಟು ಬೆರಳು ಎನ್ನುವುದು ಅವನಿಗೆ ಗೊತ್ತಿದ್ದಂತೆ ಕಾಣುವುದಿಲ್ಲ.

ಈ ಹುಡುಗನ ಕಾಲ 13ನೇ ಶತಮಾನದ ನಡುಭಾಗ. ಸರಿಸುಮಾರು ಆಗಲೇ ಮಂಗೋಲರು ಬಂದದ್ದು. 1237ರ ಚಳಿಗಾಲದಲ್ಲಿ ಬಾತು ಖಾನನ ದೂತರು ರ್‍ಯಾಜಾನ್ ಊರಿಗೆ ಬಂದು ಎಲ್ಲದರಲ್ಲೂ ಹತ್ತರಲ್ಲಿ ಒಂದು ಪಾಲು ಕೇಳಿದರು. ಜನರಲ್ಲಿ, ಕುದುರೆಗಳಲ್ಲಿ, ದೊರೆಗಳಲ್ಲೂ ಹತ್ತಕ್ಕೊಂದು! ನಾವು ಯಾರೂ ಉಳಿಯದಿದ್ದಾಗ ಎಲ್ಲವೂ ನಿಮ್ಮದೇ ಎಂದು ಉತ್ತರ ಹೋಯಿತು. ಹಾಗೇ ಆಯಿತು. ರ್‍ಯಾಜಾನ್ ಬೂದಿಯಾಯಿತು, 1240ರಲ್ಲಿ ಕೀವ್ ಬಿತ್ತು.

ಆದರೆ ಮಂಗೋಲರು ಅಲ್ಲಿ ಕೂತು ಆಳಲಿಲ್ಲ. ಇದು ಮುಖ್ಯ. ಕಾಡಿನ ನಾಡು ಅವರ ಕುದುರೆಗಳಿಗೆ ಹೇಳಿಸಿದ್ದಲ್ಲ. ವೋಲ್ಗಾ ನದಿಯ ಕೆಳಭಾಗದ ಸರಾಯ್‌ನಲ್ಲಿ ರಾಜಧಾನಿ ಮಾಡಿಕೊಂಡು, ರುಸ್ ದೊರೆಗಳನ್ನು ಅಲ್ಲಿಗೇ ಕರೆಸಿಕೊಂಡರು. ಬಂದು ತಲೆಬಾಗಿದವನಿಗೆ ಸನ್ನದು. ಆಮೇಲೆ ಜನಗಣತಿ, ತಲೆ ಎಣಿಸಿ ಕಪ್ಪ. ಚರ್ಚಿಗೆ ಮಾತ್ರ ಮಾಫಿ. 1257ರಲ್ಲಿ ನೊವ್ಗೊರೊಡ್ ಜನ ಎಣಿಸಿಕೊಳ್ಳಲು ಒಪ್ಪದೆ ದಂಗೆ ಎದ್ದಾಗ, ಅವರನ್ನು ಬಗ್ಗಿಸಿದ್ದು ಯಾರು ಗೊತ್ತಾ? ಸ್ವೀಡರನ್ನೂ ಜರ್ಮನ್ ಯೋಧರನ್ನೂ ಸೋಲಿಸಿದ ವೀರ ಅಲೆಕ್ಸಾಂಡರ್ ನೆವ್‌ಸ್ಕಿ. ಕೆಲವರ ಮೂಗು ಕೊಯ್ಸಿದ. 1259ರಲ್ಲಿ ಗಣತಿಯವರು ಬೀದಿಬೀದಿ ಸುತ್ತಿ ಮನೆಗಳನ್ನು ಬರೆದುಕೊಂಡರು. ನೆವ್‌ಸ್ಕಿಯೂ ಈಗ ಸಂತ. ಪಶ್ಚಿಮದವರ ಜೊತೆ ಕಾದಾಡಿದ, ಪೂರ್ವದವರಿಗೆ ತಲೆಬಾಗಿದ. ಎರಡು ಕಡೆ ಒಟ್ಟಿಗೆ ಯುದ್ಧ ಮಾಡುವ ತಾಕತ್ತು ಇರಲಿಲ್ಲ. ಅವನನ್ನು ದ್ರೋಹಿ ಅನ್ನುವುದೂ ಸುಲಭ, ಜಾಣ ಅನ್ನುವುದೂ ಸುಲಭ. ನನ್ನ ಓಟು ಜಾಣನಿಗೆ, ಆದರೆ ಮೂಗು ಕಳಕೊಂಡವರನ್ನು ಕೇಳಿದರೆ ಬೇರೆ ಹೇಳುತ್ತಿದ್ದರು.

ಈಗ ಬರುತ್ತದೆ ಮಾಸ್ಕೋ. 1327ರ ಆಗಸ್ಟ್ 15. ಟ್ವೆರ್ ಎಂಬ ಊರು, ಮಾಸ್ಕೋದ ದೊಡ್ಡ ಪೈಪೋಟಿಗಾರ. ಸರಾಯ್‌ನಲ್ಲಿ ಆಳುತ್ತಿದ್ದ ಉಜ್ಬೆಕ್ ಖಾನನ ಸಂಬಂಧಿ ಚೊಲ್ ಖಾನ್ ಪಡೆಯೊಂದಿಗೆ ಅಲ್ಲಿ ಬೀಡುಬಿಟ್ಟಿದ್ದ. ಬೆಳಗ್ಗೆ ದುದ್ಕೊ ಎಂಬ ಚರ್ಚಿನ ಪರಿಚಾರಕ ತನ್ನ ಎಳೆಯ, ಮೈದುಂಬಿದ ಹೆಣ್ಣು ಕುದುರೆಯನ್ನು ನೀರು ಕುಡಿಸಲು ವೋಲ್ಗಾ ಕಡೆ ಹೊಡೆದುಕೊಂಡು ಹೋದ. ತಾತಾರರು, ಅಂದರೆ ಖಾನನ ಸೈನಿಕರು, ಅದನ್ನು ಕಿತ್ತುಕೊಂಡರು. ಅವನು 'ಟ್ವೆರ್‌ನವರೇ, ಬಿಡಬೇಡಿ!' ಎಂದು ಕೂಗಿದ. ಅಷ್ಟೇ ಸಾಕಾಯಿತು. ಸಂಜೆಯೊಳಗೆ ಇಡೀ ಊರು ಎದ್ದು ಖಾನನ ಕಡೆಯವರನ್ನು ಕೊಂದುಹಾಕಿತು.

ಮಾಸ್ಕೋದ ದೊರೆ ಇವಾನ್ ಏನು ಮಾಡಿದ? ನೆರೆಯವರ ಜೊತೆ ನಿಲ್ಲಲಿಲ್ಲ. ಸೀದಾ ಖಾನನ ಹತ್ತಿರ ಹೋಗಿ, ಅವನ ಸೈನ್ಯ ಕರೆತಂದು ಟ್ವೆರನ್ನು ಹಾಳು ಮಾಡಿದ. ಅದಕ್ಕೆ ಬಹುಮಾನವಾಗಿ ಹಿರಿಯ ದೊರೆಯ ಸನ್ನದು, ಉಳಿದ ಸಂಸ್ಥಾನಗಳ ಕಪ್ಪವನ್ನೂ ಎತ್ತಿ ಖಾನನಿಗೆ ತಲುಪಿಸುವ ಹಕ್ಕು. ಕಪ್ಪ ಎತ್ತುವವನ ಕೈಗೆ ಸ್ವಲ್ಪ ಅಂಟುತ್ತದೆ, ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜನ ಅವನಿಗೆ ಇಟ್ಟ ಹೆಸರು ಕಲಿತಾ, ಅಂದರೆ ದುಡ್ಡಿನ ಚೀಲ. ಅವನ ಉಯಿಲಿನಲ್ಲಿ ಚಿನ್ನದ ಸರ, ಮುತ್ತು ಕೂಡಿಸಿದ ಡಾಬುಗಳ ಪಟ್ಟಿಯೇ ಇದೆ. ಚರ್ಚಿನ ದೊಡ್ಡ ಗುರುವೂ ಆ ಹೊತ್ತಿಗೆ ಮಾಸ್ಕೋಗೆ ಬಂದು ನೆಲೆಸಿದ್ದ. ದುಡ್ಡು ಒಂದು ಕಡೆ, ದೇವರು ಒಂದು ಕಡೆ, ಇನ್ನೇನು ಬೇಕು.

'ಮೇಡಂ, 1380ರಲ್ಲಿ ಕುಲಿಕೊವೊ ಯುದ್ಧದಲ್ಲಿ ರಷ್ಯನ್ನರು ಮಂಗೋಲರನ್ನು ಸೋಲಿಸಿದರಲ್ಲ?' ಎಂದು ಒಬ್ಬರು ಕೇಳಿದರು. ಹೌದು, ಮಾಸ್ಕೋದ ದೊರೆ ದಿಮಿತ್ರಿ ದೊನ್‌ಸ್ಕೊಯ್ ಗೆದ್ದ. ಎರಡೇ ವರ್ಷಕ್ಕೆ ತೊಖ್ತಮಿಶ್ ಖಾನ್ ಬಂದು ಮಾಸ್ಕೋ ಸುಟ್ಟ, ಕಪ್ಪ ಮತ್ತೆ ಶುರುವಾಯಿತು. ನಿಜವಾಗಿ ಕೈಕೊಡವಿದ್ದು 1480ರಲ್ಲಿ, ಉಗ್ರಾ ನದಿಯ ದಡದಲ್ಲಿ. ಆಚೆ ದಡದಲ್ಲಿ ಅಖ್ಮತ್ ಖಾನ್, ಈಚೆ ದಡದಲ್ಲಿ ಮೂರನೇ ಇವಾನನ ಸೈನ್ಯ. ದಾಟುವ ಕಡೆಗಳಲ್ಲಿ ಒಂದಷ್ಟು ಕಾದಾಟ, ಆಮೇಲೆ ವಾರಗಟ್ಟಲೆ ದುರುಗುಟ್ಟಿ ನೋಡಿದ್ದೇ ನೋಡಿದ್ದು. ನವೆಂಬರ್‌ನಲ್ಲಿ ಖಾನ್ ವಾಪಸ್ ಹೋದ. ಆದರೂ ಕ್ರಿಮಿಯಾದ ಖಾನನಿಗೆ 'ಉಡುಗೊರೆ' ಎಂಬ ಹೆಸರಿನಲ್ಲಿ ದುಡ್ಡು ಹೋಗುತ್ತಲೇ ಇತ್ತು. ಅದು ನಿಂತದ್ದು 1700ರ ಒಪ್ಪಂದದಲ್ಲಿ, ಮುಂದೆ ಬಂದ ಪೀಟರ್ ದೊರೆಯ ಕಾಲಕ್ಕೆ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ನಮ್ಮ ಬೀದರಿಗೆ ಬರುತ್ತೇನೆ. ಸುಮ್ನೆ ಅಭಿಮಾನಕ್ಕಲ್ಲ, ಕಾರಣ ಇದೆ. 1470ರ ಆಸುಪಾಸಿನಲ್ಲಿ ಅದೇ ಟ್ವೆರ್ ಊರಿನ ವರ್ತಕ ಅಫನಾಸಿ ನಿಕಿತಿನ್ ವೋಲ್ಗಾ ಇಳಿದು, ಅಸ್ತ್ರಾಖಾನ್ ಹತ್ತಿರ ಸರಕು ಕಳಕೊಂಡು, ಪರ್ಷಿಯಾ ದಾಟಿ, ಹೊರ್ಮುಜ್‌ನಿಂದ ಹಡಗು ಹತ್ತಿ ಚೌಲ್‌ನಲ್ಲಿ ಇಳಿದ. ಮಾರೋಕೆ ಒಂದು ಕುದುರೆ ತಂದಿದ್ದ. ಜುನ್ನರ್‌ನ ಅಧಿಕಾರಿ ಅಸದ್ ಖಾನ್ ಆ ಕುದುರೆ ಕಿತ್ತುಕೊಂಡು, ಮತ ಬದಲಿಸಿದರೆ ಕೊಡುತ್ತೇನೆ ಎಂದ. ಟ್ವೆರ್‌ನವರಿಗೂ ಕುದುರೆಗೂ ಆಗಿಬರುವುದಿಲ್ಲ ಅಂತ ಕಾಣುತ್ತದೆ! ಖುರಾಸಾನಿನ ಒಬ್ಬ ಖ್ವಾಜಾ ಮಧ್ಯೆ ಬಂದು ಅದನ್ನು ಬಿಡಿಸಿಕೊಟ್ಟ. ನಿಕಿತಿನ್ ಬೀದರ್‌ನಲ್ಲಿ ಬಹುಕಾಲ ಇದ್ದ. ಮಹಮೂದ್ ಗವಾನನ ದರ್ಬಾರಿನ ಕಾಲ ಅದು, ನಾವು ಇವತ್ತು ನೋಡುವ ಮದರಸಾ 1472ರದ್ದು. ಸುಲ್ತಾನನ ಮೆರವಣಿಗೆ, ಆನೆ, ಬೆಳ್ಳಿ ಪಲ್ಲಕ್ಕಿ ಎಲ್ಲ ಬರೆದಿದ್ದಾನೆ. ಜೊತೆಗೇ, ಹಳ್ಳಿಯವರು ಬಹಳ ಬಡವರು, ಸರದಾರರು ಮಾತ್ರ ಸುಖದಲ್ಲಿ ತೇಲುತ್ತಾರೆ ಎಂದೂ ಬರೆದಿದ್ದಾನೆ.

ನನಗೆ ಮುಖ್ಯವಾದದ್ದು ಅವನ ಒಂದು ಪ್ರಾರ್ಥನೆ. ರುಸ್ ನಾಡನ್ನು ದೇವರು ಕಾಪಾಡಲಿ, ಅಂಥ ನಾಡು ಇನ್ನೊಂದಿಲ್ಲ, ಆದರೆ ಅಲ್ಲಿನ ಸರದಾರರು ನ್ಯಾಯವಂತರಲ್ಲ ಎನ್ನುತ್ತಾನೆ. ಇದನ್ನು ಅವನು ರಷ್ಯನ್ ಭಾಷೆಯಲ್ಲಿ ಬರೆದಿಲ್ಲ. ತುರ್ಕಿ ಮಾತುಗಳಲ್ಲಿ ಬರೆದಿದ್ದಾನೆ. ವೋಲ್ಗಾ ತೀರದ ಸಂತೆಯಲ್ಲಿ ಕಲಿತ ಮಾತು ಅದು. ಎರಡು ಶತಮಾನ ಖಾನನಿಗೆ ಕಪ್ಪ ಕೊಟ್ಟ ನಾಡಿನಲ್ಲಿ ವರ್ತಕರ ನಾಲಿಗೆ ಯಾವ ಕಡೆ ಹೊರಳಿತ್ತು ಅಂತ ಇದಕ್ಕಿಂತ ಚೆನ್ನಾಗಿ ಯಾವುದೂ ತೋರಿಸುವುದಿಲ್ಲ. ತನ್ನ ಸರದಾರರನ್ನು ಬೈಯೋಕೆ ಅಧಿಕಾರಿಗಳಿಗೆ ತಿಳಿಯದ ಭಾಷೆ ವಾಸಿ ಅಂತಲೂ ಇರಬಹುದು. ಪಾಪ, ಊರು ಸೇರುವ ಮೊದಲೇ ಸ್ಮೊಲೆನ್‌ಸ್ಕ್ ಹತ್ತಿರ ತೀರಿಕೊಂಡ. 1485ರಲ್ಲಿ ಟ್ವೆರ್ ಕೂಡ ಮಾಸ್ಕೋ ಪಾಲಾಯಿತು.

ಅದಕ್ಕೂ ಮೊದಲೇ, 1478ರಲ್ಲಿ, ಮೂರನೇ ಇವಾನ್ ನೊವ್ಗೊರೊಡ್ ಹಿಡಿದು ಸಭೆಯ ಗಂಟೆಯನ್ನು ಇಳಿಸಿ ಮಾಸ್ಕೋಗೆ ಸಾಗಿಸಿದ್ದ. ಗಂಟೆಗಿಂತ ಜಾಸ್ತಿ ಪರಿಣಾಮ ಆದದ್ದು ಜಮೀನಿನದು. ಅಲ್ಲಿನ ಶ್ರೀಮಂತರ ನೆಲ ಕಿತ್ತು ತನ್ನ ಸವಾರರಿಗೆ ಹಂಚಿದ. ಕುದುರೆ, ಆಯುಧ ತೆಗೆದುಕೊಂಡು ಯುದ್ಧಕ್ಕೆ ಬರುವವರೆಗೆ ನೆಲ ನಿನ್ನದು, ಬರದಿದ್ದರೆ ಇಲ್ಲ. ಒಂದು ಥರ ಜಹಗೀರು. ಇಲ್ಲೇ ಗಂಟು ಬಿದ್ದದ್ದು. ರಷ್ಯಾದಲ್ಲಿ ನೆಲಕ್ಕೆ ಬರವಿಲ್ಲ, ಉಳುವ ಕೈಗೆ ಬರ. ಬೇಸಾಯದ ಕಾಲ ಚಿಕ್ಕದು, ಇಳುವರಿ ಕಡಿಮೆ, ದೊರೆಯ ಕಾಟ ಜಾಸ್ತಿಯಾದರೆ ರೈತ ಗಂಟುಮೂಟೆ ಕಟ್ಟಿ ಕಾಡಿಗೋ ದಕ್ಷಿಣದ ಹುಲ್ಲುಗಾವಲಿಗೋ ಹೊರಟುಬಿಡುತ್ತಿದ್ದ. ಆಗ ಸವಾರನಿಗೆ ಊಟವಿಲ್ಲ, ತ್ಸಾರನಿಗೆ, ಅಂದರೆ ದೊರೆಗೆ, ಸೈನ್ಯವಿಲ್ಲ.

ಹಾಗಾಗಿ ರೈತನನ್ನು ಕಟ್ಟಿಹಾಕುವ ಕೆಲಸ ಒಂದೊಂದೇ ಹೆಜ್ಜೆ ನಡೆಯಿತು. 1497ರ ಕಾನೂನಿನಲ್ಲಿ, ಯೂರಿ ಸಂತನ ಹಬ್ಬ ನವೆಂಬರ್ 26, ಅದರ ಹಿಂದಿನ ಒಂದು ವಾರ, ಮುಂದಿನ ಒಂದು ವಾರ ಮಾತ್ರ ಧಣಿಯನ್ನು ಬಿಟ್ಟು ಹೋಗಬಹುದು ಎಂದಾಯಿತು. 1580ರ ದಶಕದಲ್ಲಿ ಅದನ್ನೂ 'ಈ ವರ್ಷ ಇಲ್ಲ' ಎಂದು ತಡೆಯತೊಡಗಿದರು. 'ಇಗೋ ಅಜ್ಜಿ, ನಿನ್ನ ಯೂರಿ ಹಬ್ಬ!' ಎನ್ನುವ ಗಾದೆ ರಷ್ಯಾದಲ್ಲಿ ಇವತ್ತಿಗೂ ಇದೆ, ಕಾದು ಕೂತದ್ದು ಕೈತಪ್ಪಿದಾಗ ಹೇಳುತ್ತಾರೆ.

ನಾಲ್ಕನೇ ಇವಾನ್, ಅದೇ ಭಯಂಕರ ಇವಾನ್, ಇವನ ಬಗ್ಗೆ ಎಲ್ಲರಿಗೂ ಗೊತ್ತು, ಬೇಗ ಮುಗಿಸುತ್ತೇನೆ. 1547ರಲ್ಲಿ ತ್ಸಾರ್ ಎಂದು ಪಟ್ಟ ಕಟ್ಟಿಸಿಕೊಂಡ. 1552ರಲ್ಲಿ ಕಜಾನ್, 1556ರಲ್ಲಿ ಅಸ್ತ್ರಾಖಾನ್ ಹಿಡಿದ. ಇಡೀ ವೋಲ್ಗಾ ಕೈಗೆ ಬಂತು. ಆಮೇಲೆ ಅನುಮಾನದ ಹುಚ್ಚು ಹಿಡಿದು, ಕಪ್ಪು ಉಡುಪಿನ ತನ್ನದೇ ಪಡೆ ಬಿಟ್ಟು ತನ್ನ ನಾಡನ್ನೇ ಸುಲಿದ. 1570ರಲ್ಲಿ ನೊವ್ಗೊರೊಡ್‌ನ ಕಗ್ಗೊಲೆ. 1581ರಲ್ಲಿ ಮಗನನ್ನೇ ಹೊಡೆದು ಕೊಂದ. ಅದೇ ಹೊತ್ತಿಗೆ ಪೂರ್ವದಲ್ಲಿ ಯೆರ್ಮಾಕ್ ಎಂಬ ಕೊಸಾಕ್ (ಗಡಿನಾಡಿನ ಹೋರಾಟಗಾರ) ಉರಲ್ ಬೆಟ್ಟ ದಾಟಿ ಸೈಬೀರಿಯಾದ ಬಾಗಿಲು ಒಡೆದ. 1639ಕ್ಕೆ ಕೊಸಾಕರು ಪೆಸಿಫಿಕ್ ದಡ ಮುಟ್ಟಿದರು! ಅಷ್ಟು ವೇಗ ಯಾಕೆ? ಸೇಬಲ್ ಎಂಬ ಸಣ್ಣ ಪ್ರಾಣಿಯ ತುಪ್ಪಳ. ಒಂದು ನದಿ ಬಯಲಿನಲ್ಲಿ ಅದು ಖಾಲಿಯಾದರೆ ಮುಂದಿನ ನದಿ. ಸ್ಥಳೀಯ ಬುಡಕಟ್ಟಿನ ಮುಖಂಡರ ಮಕ್ಕಳನ್ನು ಒತ್ತೆ ಇಟ್ಟುಕೊಂಡು ತಲೆಗೆ ಇಷ್ಟು ಎಂದು ತುಪ್ಪಳ ವಸೂಲಿ. ಖಾನನಿಗೆ ಕಪ್ಪ ಕೊಟ್ಟವರು ಈಗ ಖಾನನ ಜಾಗದಲ್ಲಿ ಕೂತಿದ್ದರು. ಆ ವಸೂಲಿಗೆ ಬಳಸಿದ 'ಯಸಾಕ್' ಎಂಬ ಹೆಸರೂ ತುರ್ಕಿಯದ್ದೇ.

1598ರಲ್ಲಿ ರೂರಿಕನ ವಂಶ ನಿಂತಿತು. 1601ರಿಂದ ಮೂರು ವರ್ಷ ಬೇಸಿಗೆಯಲ್ಲೂ ಹಿಮ ಬಿದ್ದು ಘೋರ ಕ್ಷಾಮ ಬಂತು. ಪೆರು ದೇಶದಲ್ಲಿ 1600ರಲ್ಲಿ ಸಿಡಿದ ಜ್ವಾಲಾಮುಖಿಗೂ ಇದಕ್ಕೂ ಸಂಬಂಧವಿದೆ ಎಂದು ಹವಾಮಾನದ ಇತಿಹಾಸ ಬಲ್ಲವರು ಹೇಳುತ್ತಾರೆ. ಸತ್ತುಹೋಗಿದ್ದ ಭಯಂಕರ ಇವಾನನ ಮಗ ದಿಮಿತ್ರಿ ನಾನೇ ಎನ್ನುವ ಸುಳ್ಳು ದಿಮಿತ್ರಿಗಳು ಬಂದರು, ಪೋಲೆಂಡಿನವರು ಮಾಸ್ಕೋದಲ್ಲಿ ಕೂತರು. 1612ರಲ್ಲಿ ಅವರನ್ನು ಹೊರಹಾಕಿದ ಸೈನ್ಯಕ್ಕೆ ದುಡ್ಡು ಕೂಡಿಸಿದ್ದು ಕುಜ್ಮಾ ಮಿನಿನ್, ನಿಜ್ನಿ ನೊವ್ಗೊರೊಡ್‌ನ ಮಾಂಸದ ವ್ಯಾಪಾರಿ. ಊರಿನವರು ತಾವೇ ತಮ್ಮ ಮೇಲೆ ಹಾಕಿಕೊಂಡ ತೆರಿಗೆ ಅದು, ಈ ಇಡೀ ಕತೆಯಲ್ಲಿ ಅಂಥದ್ದು ಬಹಳ ಅಪರೂಪ. ಮರುವರ್ಷ 16 ವರ್ಷದ ಮಿಖಾಯಿಲ್ ರೊಮಾನೊವ್ ತ್ಸಾರ್ ಆದ.

ರೊಮಾನೊವರು 1646ರಲ್ಲಿ ಉಪ್ಪಿಗೆ ತೆರಿಗೆ ಹಾಕಿದರು. ಉಪ್ಪಿಲ್ಲದೆ ಮೀನು ಕೊಳೆಯಿತು. ತೆರಿಗೆ ತೆಗೆದರು, ಹಳೆಯ ಬಾಕಿ ವಸೂಲಿಗೆ ಬಂದರು. 1648ರಲ್ಲಿ ಮಾಸ್ಕೋ ದಂಗೆ ಎದ್ದಿತು. ಅದನ್ನು ತಣಿಸಲು ಸಭೆ ಕರೆದು, 1649ರಲ್ಲಿ 967 ಕಲಮುಗಳ ದೊಡ್ಡ ಕಾನೂನು ಮಾಡಿದರು. ಪಟ್ಟಣದವರಿಗೆ, ಸವಾರರಿಗೆ ಬೇಕಾದ್ದು ಸಿಕ್ಕಿತು. ರೈತನಿಗೆ ಸಿಕ್ಕಿದ್ದು ಇದು: ಓಡಿಹೋದವನನ್ನು ಎಷ್ಟು ವರ್ಷ ಆದಮೇಲೆ ಬೇಕಾದರೂ ಹೆಂಡತಿ ಮಕ್ಕಳ ಸಮೇತ ಹಿಡಿದು ತರಬಹುದು. ಅಲ್ಲಿಗೆ ಜೀತ ಪೂರ್ತಿಯಾಯಿತು. 1662ರಲ್ಲಿ ಇನ್ನೊಂದು ದಂಗೆ. ಸರ್ಕಾರ ಸಂಬಳವನ್ನು ತಾಮ್ರದ ನಾಣ್ಯದಲ್ಲಿ ಕೊಟ್ಟು ತೆರಿಗೆಯನ್ನು ಬೆಳ್ಳಿಯಲ್ಲಿ ಕೇಳುತ್ತಿತ್ತು. ಇದಕ್ಕೆ ವಿವರಣೆ ಬೇಕಾ!

ಪೀಟರ್ ಬಗ್ಗೆ ಎಲ್ಲರೂ ಹಡಗು, ಹಾಲೆಂಡ್, ಪೀಟರ್ಸ್‌ಬರ್ಗ್ ಎನ್ನುತ್ತಾರೆ. ಸರಿಯೇ. 1703ರಲ್ಲಿ ಜೌಗಿನಲ್ಲಿ ನಗರ, 1709ರಲ್ಲಿ ಪೊಲ್ಟಾವಾದಲ್ಲಿ ಸ್ವೀಡರ ಮೇಲೆ ಗೆಲುವು, 1721ರಲ್ಲಿ ಚಕ್ರವರ್ತಿ ಎಂಬ ಬಿರುದು. ಇಪ್ಪತ್ತೊಂದು ವರ್ಷದ ಆ ಯುದ್ಧಕ್ಕೆ ದುಡ್ಡು ಎಲ್ಲಿಂದ? ಹೊಸ ತೆರಿಗೆ ಹುಡುಕುವುದಕ್ಕೇ ಅಧಿಕಾರಿಗಳನ್ನು ಇಟ್ಟ. ಕುರ್ಬಾತೊವ್ ಎಂಬ ಜೀತದಾಳು ಛಾಪಾ ಕಾಗದದ ಉಪಾಯ ಹೇಳಿ ದೊಡ್ಡ ಹುದ್ದೆಗೇರಿದ. ಸ್ನಾನದ ಮನೆಗೆ ತೆರಿಗೆ, ಜೇನುಗೂಡಿಗೆ ತೆರಿಗೆ, ಓಕ್ ಮರದ ಶವಪೆಟ್ಟಿಗೆಯ ಮೇಲೂ ಸರ್ಕಾರದ ಲಾಭ. ಗಡ್ಡಕ್ಕೆ 1705ರ ದರ: ದೊಡ್ಡ ವರ್ತಕನಿಗೆ ವರ್ಷಕ್ಕೆ 100 ರೂಬಲ್. ಕಟ್ಟಿದವನಿಗೆ ಒಂದು ಬಿಲ್ಲೆ ಕೊಡುತ್ತಿದ್ದರು, ಅದರ ಮೇಲೆ ಮೂಗು, ಮೀಸೆ, ಗಡ್ಡದ ಚಿತ್ರ, ಮೇಲೆ 'ಹಣ ಪಡೆಯಲಾಗಿದೆ' ಎಂಬ ಬರಹ. ಹಳ್ಳಿಯವನಿಗೆ ಊರಲ್ಲಿ ಗಡ್ಡ ಬಿಟ್ಟಿ, ಪಟ್ಟಣದ ಬಾಗಿಲು ದಾಟುವಾಗ ಮಾತ್ರ ಸುಂಕ.

ಗಡ್ಡ ತಮಾಷೆಯ ಮಾತು. ತಮಾಷೆಯಲ್ಲದ್ದು ತಲೆಗಂದಾಯ. ಸೈನ್ಯದ ಖರ್ಚನ್ನು ಗಂಡಸರ ತಲೆಯ ಲೆಕ್ಕಕ್ಕೆ ಭಾಗಿಸಿದರು, 1724ರಲ್ಲಿ ತಲೆಗೆ 74 ಕೊಪೆಕ್ (ನೂರು ಕೊಪೆಕ್‌ಗೆ ಒಂದು ರೂಬಲ್) ಬಂತು. ಹಸುಳೆಯಾದರೂ ಅಷ್ಟೇ, ಮುದುಕನಾದರೂ ಅಷ್ಟೇ. ಮುಂದಿನ ಗಣತಿಯವರೆಗೆ ಸತ್ತವನ ಲೆಕ್ಕವೂ ನಡೆಯುತ್ತಿತ್ತು. ಅದಕ್ಕೆ ಮೊದಲು ಗುಲಾಮರಿಗೆ ತೆರಿಗೆ ಇರಲಿಲ್ಲ, ಹಾಗಾಗಿ ತಮ್ಮನ್ನು ತಾವೇ ಮಾರಿಕೊಂಡು ತಪ್ಪಿಸಿಕೊಂಡವರಿದ್ದರು. ಪೀಟರ್ ಆ ಕಿಂಡಿಯನ್ನೂ ಮುಚ್ಚಿದ. ಗುಲಾಮರನ್ನೂ ರೈತರನ್ನೂ ಒಂದೇ ಪಟ್ಟಿಗೆ ಸೇರಿಸಿದ. ಅವನ ಆಡಳಿತದಲ್ಲಿ ಶ್ರೀಮಂತರಿಗೂ ಬಿಡುವಿರಲಿಲ್ಲ ಎನ್ನುವುದು ನಿಜ, ಜೀವನವಿಡೀ ಸೇವೆ ಮಾಡಲೇಬೇಕಿತ್ತು. ಆದರೆ 1762ರ ಫೆಬ್ರವರಿ 18ರಂದು ಮೂರನೇ ಪೀಟರ್ ಅವರನ್ನು ಆ ಸೇವೆಯಿಂದ ಬಿಟ್ಟ. ಶ್ರೀಮಂತ ಸೇವೆ ಮಾಡುತ್ತಾನೆ, ಅದಕ್ಕೇ ರೈತ ಅವನಿಗೆ ದುಡಿಯುತ್ತಾನೆ ಎನ್ನುವುದು ಹಳೆಯ ಲೆಕ್ಕ. ಹಾಗಾದರೆ ಮರುದಿನವೇ ರೈತನಿಗೂ ಬಿಡುಗಡೆ ಆಗಬೇಕಿತ್ತಲ್ಲ? ಮರುದಿನವೇ ಆಯಿತು, ಫೆಬ್ರವರಿ 19ರಂದೇ, ಆದರೆ 99 ವರ್ಷ ತಡವಾಗಿ 1861ರಲ್ಲಿ ಎಂದು ಕ್ಲುಚೆವ್‌ಸ್ಕಿ ಎಂಬ ಇತಿಹಾಸಕಾರ ಕುಟುಕಿದ್ದಾನೆ. ಬಿಡುಗಡೆಯಾದವರೂ ನೆಲಕ್ಕಾಗಿ 49 ವರ್ಷ ಕಂತು ಕಟ್ಟಬೇಕೆಂದು ಬರೆದರು.

ಕೊನೆಯಲ್ಲಿ ಒಬ್ಬ ಹುಡುಗಿ ಕೇಳಿದಳು: 'ಇಷ್ಟೆಲ್ಲ ಆದರೂ ಜನ ಸುಮ್ನೆ ಇದ್ದರಾ, ಮೇಡಂ?' ಇರಲಿಲ್ಲಮ್ಮ. 1670ರಲ್ಲಿ ಸ್ತೆಂಕಾ ರಾಜಿನ್, 1707ರಲ್ಲಿ ಬುಲಾವಿನ್, 1773ರಲ್ಲಿ ಪುಗಚೋವ್. ಮೂವರೂ ಕೊಸಾಕರು. ಓಡಿಹೋದ ರೈತರೇ ತುಂಬಿದ್ದ ಗಡಿನಾಡಿನವರು. ಪುಗಚೋವ್ ನಾನೇ ಮೂರನೇ ಪೀಟರ್ ಎಂದು ಹೇಳಿಕೊಂಡ. ಆ ಪೀಟರ್ 1762ರಲ್ಲೇ ಪದಚ್ಯುತನಾಗಿ ಸತ್ತಿದ್ದ, ಗದ್ದುಗೆಯಲ್ಲಿ ಅವನ ಹೆಂಡತಿ ಕ್ಯಾಥರೀನ್ ಇದ್ದಳು. ಶ್ರೀಮಂತರನ್ನು ಬಿಟ್ಟ ದೊರೆ ನಮ್ಮನ್ನೂ ಬಿಡುವವನಿದ್ದ, ಅದಕ್ಕೇ ಅವನನ್ನು ಓಡಿಸಿದರು ಎಂದು ಜನ ನಂಬಿದ್ದರು. 1774ರ ಜುಲೈನಲ್ಲಿ ಪುಗಚೋವ್ ಹೊರಡಿಸಿದ ಫರ್ಮಾನಿನಲ್ಲಿ ನೆಲ, ಕಾಡು, ನದಿ ಎಲ್ಲ ನಿಮ್ಮದು, ತಲೆಗಂದಾಯ ಇಲ್ಲ, ಸೈನ್ಯಕ್ಕೆ ಆಳು ಕೊಡಬೇಕಾಗಿಲ್ಲ ಎಂದಿತ್ತು. ಮರುವರ್ಷ ಜನವರಿಯಲ್ಲಿ ಮಾಸ್ಕೋದಲ್ಲಿ ಅವನ ತಲೆ ಕಡಿದರು. ದಂಗೆ ಶುರುವಾದದ್ದು ಯಾಯಿಕ್ ನದಿಯ ದಡದಲ್ಲಿ. ಆ ಹೆಸರು ಯಾರ ಬಾಯಲ್ಲೂ ಬರಬಾರದು ಎಂದು ಕ್ಯಾಥರೀನ್ ನದಿಗೇ ಹೊಸ ಹೆಸರಿಟ್ಟಳು. ಭೂಗೋಳದ ಪಾಠದಲ್ಲಿ ನಾವು ಓದಿದ ಉರಲ್ ನದಿ ಅದೇ.